ಹನ್ನೊಂದು ಗಂಟೆಗೆ ಖಾಲಿ ಅಂಗಡಿ

ನನ್ನ ಗಂಡ ಮಹೇಶ ಹೊಸ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು "ಹೆಂಗ ಅದ?" ಎಂದು ಕೇಳಿದರೆ, ನನ್ನ ಬಾಯಿಂದ ಮೊದಲು ಹೊರಡುವ ಮಾತು "ಯಾರು ಒಗೆಯೋರು?" ಎಂಬುದು. ಮದುವೆಯಾಗಿ ಹದಿನಾರು ವರ್ಷವಾದ ಹೆಂಡತಿಯಿಂದ ಆತ ಇದಕ್ಕಿಂತ ಸ್ವಲ್ಪ ಹೆಚ್ಚು ನಿರೀಕ್ಷಿಸಿದ್ದರೆ ತಪ್ಪೇನಿಲ್ಲ. ಆದರೆ "ತುಂಬಾ ಚೆನ್ನಾಗಿ ಕಾಣುತ್ತೆ" ಎನ್ನುವ ಮಾತು ಈಗೀಗ ನನ್ನ ಗಂಟಲಲ್ಲೇ ನಿಂತುಬಿಡುತ್ತದೆ. ಮೊನ್ನೆ ನೆಂಟರ ಮನೆಯಲ್ಲಿ ತಿಂಗಳ ಕೂಸನ್ನು ಕೈಗೆ ಕೊಟ್ಟು "ಹೇಗಿದ್ದಾನೆ ನಮ್ಮ ರಾಜಕುಮಾರ?" ಎಂದರು. "ಬೆಳೀಲಿ, ನೋಡೋಣ" ಎಂದುಬಿಟ್ಟೆ. ಕೂಸಿನ ಅಜ್ಜಿ ಅದನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು.

ಮೊದಲು ನಾನು ಹೀಗಿರಲಿಲ್ಲ. ಹೊಗಳುವುದೇ ನನ್ನ ಕಸುಬಾಗಿತ್ತು. ಪುಣೆಯ ಖರಾಡಿಯಲ್ಲಿ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಕೂತು, ದಿನವಿಡೀ ಗುರುತು ಪರಿಚಯವಿಲ್ಲದವರಿಗೆ ಫೋನ್ ಮಾಡಿ ವಿಮೆ ಮಾರುತ್ತಿದ್ದೆ. ನೀವು ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಫೋನ್ ಬಂದು, "ಸರ್, ಎರಡೇ ನಿಮಿಷ" ಎಂದ ಹೆಣ್ಣುದನಿ ನೆನಪಿದ್ದರೆ, ಅದು ನಾನೇ ಇರಬಹುದು. ದಯವಿಟ್ಟು ಕ್ಷಮಿಸಿ. ಅಲ್ಲಿ ನಮಗೆ ತರಬೇತಿ ಕೊಡಲು ಒಬ್ಬ ಮಹಾನುಭಾವನಿದ್ದ. ಗಿರಾಕಿ "ಬೇಡ" ಎಂದರೆ ಅದು ಉತ್ತರವಲ್ಲ, ಮಾತುಕತೆಗೆ ಪೀಠಿಕೆ ಎಂದು ಅವನ ಉಪದೇಶ. ಮೊದಲನೇ ಬೇಡಕ್ಕೆ ಹೊಗಳಬೇಕು, ಎರಡನೆಯದಕ್ಕೆ ಹೆದರಿಸಬೇಕು, ಮೂರನೆಯದಕ್ಕೆ ಮನೆಯವರ ಸುದ್ದಿ ತೆಗೆಯಬೇಕು. ನಾನು ಮೂರನೆಯದರಲ್ಲಿ ಪಳಗಿದ್ದೆ. ಎರಡು ಸಲ "ತಿಂಗಳ ತಾರೆ" ಎಂದು ನನ್ನ ಫೋಟೋವನ್ನು ಲಿಫ್ಟಿನ ಪಕ್ಕ ಅಂಟಿಸಿದ್ದರು. ಲಿಫ್ಟಿಗೆ ಕಾಯುವವರು ಬೇರೆ ಗತಿಯಿಲ್ಲದೆ ನನ್ನ ಮುಖ ನೋಡಬೇಕಿತ್ತು, ಅದನ್ನೇ ನಾನು ಕೀರ್ತಿ ಎಂದುಕೊಂಡಿದ್ದೆ.

ಈ ಚಾಳಿ ನನಗೆ ಖರಾಡಿಯಲ್ಲಿ ಹತ್ತಿತು ಎಂದರೆ ಆ ಮಹಾನುಭಾವನಿಗೆ ಸಲ್ಲದ ಗೌರವ ಕೊಟ್ಟಂತಾಗುತ್ತದೆ. ಅದು ತುಮಕೂರಿನ ನಮ್ಮ ಮನೆಯ ಊಟದ ಪಂಕ್ತಿಯಲ್ಲೇ ಶುರುವಾಗಿತ್ತು. ನಮ್ಮಮ್ಮ ಒಬ್ಬಟ್ಟು ಬಡಿಸಲು ನಿಂತಳೆಂದರೆ ಉಣ್ಣುವವರ ಕಥೆ ಮುಗಿಯಿತು. "ಸಾಕು" ಎಂಬ ಪದಕ್ಕೆ ಅವಳ ನಿಘಂಟಿನಲ್ಲಿ "ಇನ್ನೊಂದು" ಎಂದು ಅರ್ಥ. ಎರಡೂ ಕೈ ಅಗಲಿಸಿ ಎಲೆ ಮುಚ್ಚಿಕೊಂಡವರ ಬೆರಳ ಸಂದಿಯಿಂದ ತುಪ್ಪ ಬಿಡುವಷ್ಟು ನೈಪುಣ್ಯ ಅವಳಿಗಿತ್ತು. ನಮ್ಮ ರಾಜಣ್ಣ ಚಿಕ್ಕಪ್ಪನಿಗೆ ಅಮ್ಮನ ಕೈಯಡುಗೆ ಎಂದರೆ ಪ್ರಾಣ. ಆದರೂ ಆತ ಯಾವಾಗ ಬಂದರೂ ಬಾಗಿಲಲ್ಲೇ ನಿಂತು "ಈಗಷ್ಟೇ ಊಟ ಆಯ್ತು ಅತ್ತಿಗೆ" ಎನ್ನುತ್ತಿದ್ದ. ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ. ಇಷ್ಟವಿದ್ದೂ ಯಾಕೆ ಸುಳ್ಳು ಹೇಳುತ್ತಾನೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಅಮ್ಮನಿಗಂತೂ ಕೊನೆಯವರೆಗೂ ಆಗಲಿಲ್ಲ, ಪಾಪ, ಮೈದುನನಿಗೆ ತನ್ನ ಮೇಲೆ ಏನೋ ಸಿಟ್ಟು ಎಂದೇ ತಿಳಿದಿದ್ದಳು.

ಇರಲಿ. ಖರಾಡಿಯ ಆ ಕಚೇರಿ ಒಂದು ದಿನ ಬಾಗಿಲು ಹಾಕಿತು. ಮನೆಯಲ್ಲಿ ಕೂತು ಬೇಸತ್ತು, ಕೊಂಢವಾದಲ್ಲಿರುವ ಅತ್ತೆಯ ಅಂಗಡಿಗೆ ಹೋಗಿ ಕೂರತೊಡಗಿದೆ. ಅತ್ತೆಯ ತವರು ಇಳಕಲ್ಲಿನ ಕಡೆ. ಮದುವೆಯಾಗಿ ಪುಣೆಗೆ ಬಂದವರು, ಮಾವ ತೀರಿಕೊಂಡ ಮೇಲೆ ತವರಿನಿಂದಲೇ ಇಳಕಲ್ ಸೀರೆ, ಗುಳೇದಗುಡ್ಡದ ರವಿಕೆ ಖಣ ತರಿಸಿ ಮಾರಿ ಮಹೇಶನನ್ನು ಓದಿಸಿದವರು. ಅಂಗಡಿ ಎಂದರೆ ಬಹಳ ಕಲ್ಪಿಸಿಕೊಳ್ಳಬೇಡಿ. ಮುಂದೆ ಒಂದು ಗಾದಿ, ಗಿರಾಕಿಗೆ ಒಂದು ಬೆಂಚು, ಗೋಡೆಗೆ ಕಪಾಟು, ಹಿಂದೆ ಪರದೆಯ ಆಚೆ ಚಹಾ ಕಾಸುವಷ್ಟು ಜಾಗ. ಗಿರಾಕಿಗಳೆಲ್ಲ ಹೆಚ್ಚಾಗಿ ಮರಾಠಿ ಹೆಂಗಸರು, ಅತ್ತೆಯನ್ನು "ಕಾಕು", ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ನಾನು ಮೊದಲ ದಿನವೇ ಅಂಗಡಿಯನ್ನು ಉದ್ಧಾರ ಮಾಡಲು ನಿರ್ಧರಿಸಿದೆ.

ಉದ್ಧಾರಕ್ಕೆ ಮುಖ್ಯ ಅಡ್ಡಿ ಅತ್ತೆಯೇ. ಅವರು ಮಾರುವ ರೀತಿ ನೋಡಿ ನನಗೆ ಎದೆ ಹಿಂಡಿದಂತಾಗುತ್ತಿತ್ತು. ಯಾರೇ ಬರಲಿ, ಸೀರೆ ಬಿಚ್ಚುವ ಮೊದಲು ಎರಡು ಪ್ರಶ್ನೆ: ಯಾರು ಉಡೋರು, ಯಾರು ಒಗೆಯೋರು. ಒಮ್ಮೆ ಖರಾಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿಯೊಬ್ಬಳು ಬಂದಳು. ಆಫೀಸಿನ ಹಬ್ಬಕ್ಕೆ ಇಳಕಲ್ ಸೀರೆ ಬೇಕಂತೆ.

"ಒಗಿಯೋದು ಹೆಂಗವಾ?" ಅತ್ತೆ ಕೇಳಿದರು.

"ವಾಷಿಂಗ್ ಮಷೀನ್‌ಗೇ ಹಾಕೋದು ಆಂಟಿ. ನಂಗೆ ಟೈಮ್ ಎಲ್ಲಿದೆ?"

"ಹಂಗಾರ ಇದು ಬ್ಯಾಡ. ಸೆರಗಿನ ಕೆಂಪು ಮೈಗೆಲ್ಲಾ ಹತ್ತತದ. ಖಣದ್ದ ಒಂದು ಜಂಪರ್ ಹೊಲಿಸಿಕೋ, ನಿನ್ನ ಹಂತ್ಯಾಕ ಇದ್ದ ಸೀರಿಗೇ ಒಪ್ಪತದ."

ಹುಡುಗಿ ಕೈಯಲ್ಲಿ ಹಿಡಿದಿದ್ದ ಸೀರೆ ಬಿಟ್ಟು ಒಂದು ತುಂಡು ಖಣ ಕೊಂಡು ಹೋದಳು. ನಾನು ಒಳಗೆ ಹೋಗಿ ಪರದೆಯ ಹಿಂದೆ ನಿಂತು ತಲೆ ಚಚ್ಚಿಕೊಂಡೆ. ಮುಂದಿನ ತಿಂಗಳು ಅವಳು ನಾಲ್ವರು ಗೆಳತಿಯರನ್ನು ಕರೆತಂದದ್ದನ್ನೂ ಹೇಳಬೇಕು, ಆದರೆ ಆಗ ಅದು ಕಾಕತಾಳೀಯ ಎಂದು ವಾದಿಸಿದ್ದೆ. ಚಂದ ಕಾಣುತ್ತದೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಅತ್ತೆ ಕನ್ನಡಿಯ ಕಡೆ ಕೈ ತೋರಿಸುತ್ತಿದ್ದರು. ಜರಿ ಬೇಕೆಂದವರಿಗೆ ದೊಡ್ಡ ಸೀರೆ ಅಂಗಡಿಗಳಿರುವ ಲಕ್ಷ್ಮೀ ರೋಡಿನ ದಾರಿ ಹೇಳುತ್ತಿದ್ದರು, ಯಾವ ಬಸ್ಸು ಎಂಬುದನ್ನೂ ಸೇರಿಸಿ.

ಅವರ ಗಿರಾಕಿಗಳಲ್ಲಿ ಪಾಠಕಬಾಯಿ ಎಂಬವರಿದ್ದರು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು, ಮಗಳನ್ನು ಬೇರೆ ಊರಿಗೆ ಮದುವೆ ಮಾಡಿಕೊಟ್ಟವರು. ಮಹಾರಾಷ್ಟ್ರದಲ್ಲಿ ಮಕ್ಕಳು ಟೀಚರನ್ನು "ಬಾಯಿ" ಎನ್ನುತ್ತಾರೆ, ಹಾಗಾಗಿ ಅರ್ಧ ಕೊಂಢವಾಕ್ಕೆ ಅವರು ಬಾಯಿಯೇ. ವರ್ಷಕ್ಕೆ ಒಂದು ನೂಲಿನ ಇಳಕಲ್ ಸೀರೆ, ಗಣಪತಿ ಹಬ್ಬದಲ್ಲಿ ಮರಾಠಿಯವರು ಮನೆಯಲ್ಲಿ ಕೂರಿಸುವ ಇಬ್ಬರು ಗೌರಿಯರಿಗೆ ಎರಡು ಖಣ, ಇಷ್ಟೇ ಅವರ ವ್ಯಾಪಾರ. ಆದರೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಕಾಯಿಪಲ್ಲೆ ತೆಗೆದುಕೊಂಡು ಮನೆಗೆ ಹೋಗುವಾಗ, ನಮ್ಮ ಬೆಂಚಿನ ಮೇಲೆ ಹತ್ತು ನಿಮಿಷ ಕೂರುತ್ತಿದ್ದರು. ಅವರ ಮಂಡಿಗೂ ವಿಶ್ರಾಂತಿ, ಅತ್ತೆಯ ಬಾಯಿಗೂ ಕೆಲಸ. ಇಬ್ಬರೂ ವಿಧವೆಯರು, ಇಬ್ಬರಿಗೂ ಬದನೆಕಾಯಿಯ ದರದ ಬಗ್ಗೆ ಒಂದೇ ಅಭಿಪ್ರಾಯ. ಇಪ್ಪತ್ತು ವರ್ಷದಿಂದ ಇದು ನಡೆದಿತ್ತು.

ಕಳೆದ ಆಷಾಢ ಏಕಾದಶಿಗೆ ಅತ್ತೆ ಸಂತರ ಪಾದುಕೆಯ ಪಾಲಕಿಯ ಜೊತೆ ಪಂಢರಪುರಕ್ಕೆ ನಡೆದು ಹೊರಟರು. ದಾರಿಯಲ್ಲಿ ಸಿಗುವ ಸಾಸವಡದವರೆಗೆ ನಾವೂ ಬಸ್ಸಿನಲ್ಲಿ ಹೋಗಿ, ಅಲ್ಲಿ ಮೊಣಕಾಲುದ್ದ ಸೀರೆ ಎತ್ತಿ ಕಟ್ಟಿಕೊಂಡು ಬೆಣಚುಕಲ್ಲಿನಂತೆ ಗಟ್ಟಿಯಾಗಿ ನಿಂತಿದ್ದ ಅತ್ತೆಗೆ ಕೈಮುಗಿದು ಬಂದೆವು. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ಅಂಗಡಿ ನೋಡ್ಕೋ. ಭಾಳ ಮಾರಬ್ಯಾಡ." ವ್ಯಾಪಾರಿಯ ಬಾಯಲ್ಲಿ ಇಂಥ ಮಾತೇ ಎಂದು ನಾನೂ ಮಹೇಶನೂ ವಾಪಸು ಬರುವ ಬಸ್ಸಿನಲ್ಲಿ ನಕ್ಕಿದ್ದೆವು.

ಸರಿ, ತಿಂಗಳ ತಾರೆ ಮತ್ತೆ ಉದಯಿಸಿತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಬಂದವರಿಗೆಲ್ಲ ಹದಿನಾಲ್ಕು ಸೀರೆ ಬಿಚ್ಚಿದೆ. "ಇದು ಕಡೇ ಪೀಸು" ಎಂದು ಒಂದೇ ಬಣ್ಣದ ಆರು ಸೀರೆ ಮಾರಿದೆ. ಅತ್ತೆ ಒಂದು ಸೀಸನ್ನಿನಲ್ಲಿ ಮಾರುವುದನ್ನು ಎರಡು ವಾರದಲ್ಲಿ ಮಾರಿ, ಖಾಲಿ ಕಪಾಟಿನ ಮುಂದೆ ಸೆಲ್ಫಿ ತೆಗೆದುಕೊಂಡೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಪಾಠಕಬಾಯಿ ಬಂದರು. ಅವರು ಬಂದದ್ದು ಏನನ್ನೂ ಕೊಳ್ಳಲು ಅಲ್ಲ, ಕಾಕು ಎಲ್ಲಿಯವರೆಗೆ ನಡೆದಿದ್ದಾರೆ, ಕಾಲು ಹೇಗಿದೆ ಎಂದು ಕೇಳಲು. ನಾನು ಚಹಾ ಕೊಟ್ಟೆ. ಚಹಾದ ಜೊತೆ ರೇಷ್ಮೆಯ ಇಳಕಲ್ ಒಂದನ್ನು ಬಿಚ್ಚಿದೆ. ನವಿಲು ಬಣ್ಣದ ಮೈ, ದಾಳಿಂಬೆ ಕೆಂಪಿನ ಸೆರಗು, ಅಂಗಡಿಯಲ್ಲಿದ್ದದ್ದರಲ್ಲೇ ದುಬಾರಿಯದು. ಅವರು ಮುಟ್ಟಿ ನೋಡಿ "ಪುನ್ಹಾ ಬಘೂ" ಎಂದರು. ಆಮೇಲೆ ನೋಡೋಣ ಎಂದರ್ಥ, ಪುಣೆಯವರು ಬೇಡ ಎನ್ನುವುದು ಹೀಗೆ. ನಾನು ಅವರ ಬಣ್ಣ ಹೊಗಳಿದೆ. ಮತ್ತೆ "ಪುನ್ಹಾ ಬಘೂ". ಮುಂದಿನ ವಾರ ಇದು ಇರುವುದಿಲ್ಲ ಎಂದು ಹೆದರಿಸಿದೆ. ಮೂರನೇ ಸಲ ಅವರು ಚೀಲ ಎತ್ತಿಕೊಂಡು ಎದ್ದೇ ನಿಂತರು. ಆಗ ನಾನು ಕೇಳಿದೆ: "ಮಗಳ ಮನೆಗೆ ಹೋಗುವಾಗ ಉಡೋಕೆ ಒಂದಾದರೂ ಒಳ್ಳೇ ಸೀರೆ ಬೇಡ್ವಾ ಬಾಯಿ? ಬೀಗರು ಏನಂದುಕೊಳ್ಳೋದಿಲ್ಲ?"

ಪಾಠಕಬಾಯಿ ಚೀಲ ಕೆಳಗಿಟ್ಟು ಬೆಲೆ ಕೇಳಿದರು. ಫೋನಿನಲ್ಲಿ ಹಣ ಕಳಿಸುವುದು ಅವರಿಗೆ ಗೊತ್ತಿಲ್ಲ. ಆ ನೋವಿನ ಮಂಡಿಯಲ್ಲಿ ಮನೆಗೆ ಹೋಗಿ, ಹಣ ತಂದು ಕೊಟ್ಟು, ಸೀರೆ ತೆಗೆದುಕೊಂಡು ಹೋದರು. ಹೋದವರು ವಾಪಸು ಬಂದರಲ್ಲ ಎಂದು ನಾನು ಹಿಗ್ಗಿದೆ. ಅವರು ಕುಂಟುತ್ತಾ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಒಳಗೆ ಇಳಿದಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅತ್ತೆ ಕಪ್ಪಾಗಿ, ಹಿಮ್ಮಡಿ ಒಡೆದುಕೊಂಡು, ಬಹಳ ಸಂತೋಷದಿಂದ ಪಂಢರಪುರದಿಂದ ಬಂದರು. ಖಾಲಿ ಕಪಾಟು ನೋಡಿ "ಛಲೋ ಮಾಡಿದಿ" ಎಂದರು. ಆಮೇಲೆ ಮೇಲಿನ ಅರೆಯ ಕಡೆ ನೋಡಿ ಕೇಳಿದರು, "ನವಿಲು ಬಣ್ಣದ್ದು ಯಾರು ಒಯ್ದರು?"

"ಪಾಠಕಬಾಯಿ" ಎಂದೆ, ಹೆಮ್ಮೆಯಿಂದ.

ಅತ್ತೆ ತಂದಿದ್ದ ಚುರಮುರಿ ಪ್ರಸಾದದಲ್ಲಿ ಪಾಠಕಬಾಯಿಯ ಪಾಲನ್ನು ಒಂದು ಡಬ್ಬಿಗೆ ತೆಗೆದಿಟ್ಟರು. ಮರುದಿನ ಹನ್ನೊಂದಕ್ಕೆ ಬೆಂಚು ಒರೆಸಿದರು. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಆಗ ಅತ್ತೆ ಕತ್ತು ಮುಂದೆ ಮಾಡಿ, "ಏ ಶೈಲಾ, ಆ ಕಡೆ ಹೊಂಟಾಕಿ ಪಾಠಕಬಾಯಿ ಹೌದಲ್ಲೋ?" ಎಂದರು.

ಹೌದು. ರಸ್ತೆಯ ಆ ಬದಿಯಲ್ಲಿ ಹನ್ನೆರಡು ಮಹಡಿಯ ಕಟ್ಟಡ ಏಳುತ್ತಿದೆ. ತಗಡಿನ ಬೇಲಿ, ಮರಳಿನ ಗುಡ್ಡೆ, ಅರ್ಧ ಹೊರಗೆ ಚಾಚಿದ ಕಬ್ಬಿಣದ ಸರಳು, ಮಳೆನೀರು ತುಂಬಿದ ಗುಂಡಿ, ಹಿಂದೆ ಮುಂದೆ ನೋಡದೆ ನುಗ್ಗುವ ಡಂಪರುಗಳು. ಕಾಲು ಗಟ್ಟಿಯಿದ್ದವರೂ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಪಾಠಕಬಾಯಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾಯಿಪಲ್ಲೆ ಚೀಲ, ಕೆಸರಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ನಮ್ಮ ಅಂಗಡಿ ದಾಟಿದ ಮೇಲೆ ಮತ್ತೆ ಈ ಬದಿಗೆ ಬಂದರು.

ನಾನು ತಡೆಯಲಾರದೆ ಹೊರಗೆ ಓಡಿ, "ಬಾಯೀ, ಯಾ ನಾ!" ಎಂದು ಕೂಗಿ ಒಳಗೆ ಕರೆದೆ. ಅವರು ತಿರುಗಿ ನೋಡಲಿಲ್ಲ, ಹೆಜ್ಜೆ ಜೋರು ಮಾಡಿದರು. ಮರುದಿನವೂ ಅದೇ ದಾರಿ. ಆ ದಿನ ನಾನು ಕೂಗಿದ್ದಕ್ಕೆ ಅವರು ಅವಸರ ಮಾಡಿ, ಗುಂಡಿಯ ಅಂಚಿನಲ್ಲಿ ಕಾಲು ಜಾರಿ, ತಗಡು ಹಿಡಿದುಕೊಂಡು ಹೇಗೋ ನಿಂತರು. ಒಂದು ಬದನೆಕಾಯಿ ಉರುಳಿ ನೀರಿಗೆ ಬಿತ್ತು.

"ಕರಿಯೋದು ಬಿಡು" ಅತ್ತೆ ಹೇಳಿದರು. "ನೀ ಕರದಷ್ಟೂ ಆಕಿ ಓಡತಾಳ. ಒಂದಿನ ಬೀಳತಾಳ."

ಆಮೇಲೆ ನಾನು ಎಲ್ಲವನ್ನೂ ಒಪ್ಪಿಕೊಂಡೆ, ಬೀಗರ ಮಾತಿನ ಸಮೇತ. ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಮೋಸ ಮಾಡಿದ್ರ ಆಕಿ ಬಂದು ಜಗಳಾ ತಗೀತಿದ್ಲು. ನೀ ಮೋಸ ಮಾಡಿಲ್ಲ, ಸೀರಿ ಖರೇನ ಛಲೋ ಅದ. ನೀ ಬಲವಂತ ಮಾಡೀದಿ. ಈಗ ಆಕೀಗೇ ನಾಚಿಕಿ. ಉಟ್ಟೀರೇನು ಅಂತ ನಾ ಕೇಳಿದ್ರ ಏನು ಹೇಳಬೇಕು ಆಕಿ?"

ನನಗೆ ಥಟ್ಟನೆ ರಾಜಣ್ಣ ಚಿಕ್ಕಪ್ಪ ಕಣ್ಣಮುಂದೆ ಬಂದ, ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತವನು. ಆತನಿಗೆ ಸಿಟ್ಟಿರಲಿಲ್ಲ. ಬೇಡ ಎನ್ನಲು ಬಾರದವನು ಬಾಗಿಲನ್ನೇ ತಪ್ಪಿಸುತ್ತಾನೆ. ಮೂವತ್ತು ವರ್ಷ ತಡವಾಗಿ, ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಈ ಸಣ್ಣ ವಿಷಯ ನನಗೆ ತಿಳಿಯಿತು.

ತಿಳಿದರೂ ಚಾಳಿ ಬಿಡಬೇಕಲ್ಲ. "ಅತ್ತೆ, ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ. ಪ್ರಸಾದ ಕೊಟ್ಟು ಬರ್ತೀನಿ. ಒಂದು ನೂಲಿನ ಸೀರೆ ಫ್ರೀಯಾಗಿ ಕೊಟ್ಟುಬಿಡ್ಲಾ?" ಎಂದೆ.

"ಮತ್ತ ಮಾರ್ಲಿಕ್ಕೆ ಹೊಂಟಿ ನೋಡು" ಎಂದರು ಅತ್ತೆ. "ಬಾಗಿಲಿಗೆ ಹೋಗಿ ನಿಂತ್ರ ಆಕಿ ಒಳಗ ಬಾ ಅನ್ನಲೇಬೇಕು, ಚಹಾ ಮಾಡಲೇಬೇಕು, ಏನೂ ಆಗಿಲ್ಲ ಅಂತ ನಗಲೇಬೇಕು. ಅದೂ ಬಲವಂತನ."

"ಮತ್ತೆ ಏನು ಮಾಡೋದು?"

ಅತ್ತೆ ಎದ್ದು ರಸ್ತೆಯ ಕಡೆ ಕೈ ಮಾಡಿದರು. "ಆಕಿ ನಮ್ಮ ಮಾರಿ ನೋಡ್ಲಿಕ್ಕೆ ಸಂಕೋಚ ಪಡತಾಳ. ಹಂಗಾರ ಆ ಹೊತ್ತಿಗೆ ನಮ್ಮ ಮಾರೀನ ಇಲ್ಲಿ ಇರೋದು ಬ್ಯಾಡ. ಆಕಿ ಫುಟ್‌ಪಾತ್ ಮ್ಯಾಲೆ ಆರಾಮ ಹೋಗಲಿ."

ಮರುದಿನದಿಂದ ಕೊಂಢವಾದಲ್ಲಿ ಎಲ್ಲೂ ಇಲ್ಲದ ಒಂದು ಪದ್ಧತಿ ನಮ್ಮ ಅಂಗಡಿಯಲ್ಲಿ ಶುರುವಾಯಿತು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ನಾವಿಬ್ಬರೂ ಎದ್ದು ಪರದೆಯ ಹಿಂದೆ ಹೋಗಿ ಕೂರುವುದು. ಬಾಗಿಲು ತೆರೆದೇ ಇರುತ್ತದೆ, ಹೊಸದಾಗಿ ತರಿಸಿದ ಸೀರೆಗಳು ಕಪಾಟಿನಲ್ಲಿ ಇರುತ್ತವೆ, ಅಂಗಡಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಷಟರ್ ಎಳೆಯೋಣವೇ ಎಂದು ನಾನು ಕೇಳಿದ್ದೆ. ಷಟರ್ ಎಳೆದರೆ ಅಂಗಡಿಗೇನಾಯಿತೋ ಎಂದು ಆಕೆ ಗಾಬರಿಯಾಗುತ್ತಾಳೆ, ಬೇಡ ಎಂದರು ಅತ್ತೆ. ಹದಿನೈದು ನಿಮಿಷ ನಾವು ಒಳಗೆ ಸ್ಟೂಲುಗಳ ಮೇಲೆ ಕೂತು, ಕಳ್ಳರಂತೆ ಪಿಸುಮಾತಾಡುತ್ತಾ ಚಹಾ ಕುಡಿಯುತ್ತಿದ್ದೆವು. ಖರಾಡಿಯ ಆ ಮಹಾನುಭಾವ ಇದನ್ನು ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದ. ಗಿರಾಕಿಯನ್ನು ಹಿಡಿಯುವ ಉಪಾಯಗಳಲ್ಲಿ ಗಿರಾಕಿ ಕಂಡೊಡನೆ ಅಡಗಿಕೊಳ್ಳುವುದು ಅವನ ಪಟ್ಟಿಯಲ್ಲಿ ಇರಲಿಲ್ಲ.

ನನ್ನ ಪಾಲಿಗೆ ಆ ಹದಿನೈದು ನಿಮಿಷ ಘೋರ ತಪಸ್ಸು. ಹೊರಗೆ ಹೆಜ್ಜೆ ಸಪ್ಪಳವಾದರೆ ಪರದೆ ಸರಿಸಿ ನೋಡಲು ಕೈ ತುರಿಸುತ್ತಿತ್ತು. ನೋಡಕೂಡದು ಎಂದು ಅತ್ತೆಯ ಆಜ್ಞೆ. "ನೋಡಿದ್ರ ನಿನ್ನ ಮಾರಿ ಮ್ಯಾಲೆ ಬರತದ, ನಾಳಿಗೆ ಆಕಿಗೆ ಗೊತ್ತಾಗತದ." ಒಂದು ದಿನ ಯಾರೋ ಬಂದು "ಕಾಕೂ, ಓ ಕಾಕೂ" ಎಂದು ನಾಲ್ಕು ಸಲ ಕರೆದು, ಉತ್ತರ ಸಿಗದೆ ಹೋದರು. ಒಳ್ಳೇ ವ್ಯಾಪಾರ ಹೋಯಿತಲ್ಲ ಎಂದು ನಾನು ಅತ್ತೆಯ ಮುಖ ನೋಡಿದೆ. ಅವರು ಬಶಿಯಲ್ಲಿದ್ದ ಚಹಾ ಆರಿಸುತ್ತಿದ್ದರು. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಡಬ್ಬಿಯಲ್ಲಿದ್ದ ಚುರಮುರಿ ಮೆತ್ತಗಾಯಿತು. ಪಾಠಕಬಾಯಿ ಯಾವ ಬದಿಯಲ್ಲಿ ಹೋಗುತ್ತಿದ್ದಾರೆ ಎಂಬುದೂ ನಮಗೆ ಗೊತ್ತಿಲ್ಲ. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಈ ಸಲ ಖಣಕ್ಕೆ ಅವರು ಬೇರೆ ಅಂಗಡಿಗೆ ಹೋದರೆ ಆಮೇಲೆ ಜನ್ಮದಲ್ಲಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಇಪ್ಪತ್ತು ವರ್ಷದ ಗೆಳತಿಯನ್ನು ನಾನು ಒಂದು ಸೀರೆಗೆ ಮಾರಿದ್ದೆ. ಅತ್ತೆ ಬೆಂಚು ಒರೆಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮೂರನೇ ವಾರದ ಒಂದು ದಿನ ಮಳೆ ಹುಯ್ಯಿತೆಂದರೆ ಹುಯ್ಯಿತು. ತಗಡಿನ ಮೇಲೆ ನೀರು ಬೀಳುವ ಸದ್ದಿಗೆ ಒಳಗೆ ನಮ್ಮ ಪಿಸುಮಾತೂ ಕೇಳುತ್ತಿರಲಿಲ್ಲ. ಮಳೆ ಸ್ವಲ್ಪ ತಗ್ಗಿದಾಗ ಹೊರಗಿನಿಂದ ಯಾರೋ ಮಾತಾಡುವುದು ಕಿವಿಗೆ ಬಿತ್ತು. ಪಾಠ ಹೇಳುವಂಥ, ಒಂದೊಂದು ಪದವನ್ನೂ ಬಿಡಿಸಿ ಆಡುವ ದನಿ.

"ಇದನ್ನು ತೊಗೋಬೇಡ. ಮಷೀನಿಗೆ ಹಾಕುತ್ತೀ ತಾನೆ? ಹಾಗಾದರೆ ಬೇಡ. ಬಣ್ಣ ಹೋಗುತ್ತೆ. ಕಾಕು ಈಗ ಬರ್ತಾರೆ, ಅವರನ್ನೇ ಕೇಳು. ಅಲ್ಲಿಯವರೆಗೆ ಸೀರೆಗೆ ಒದ್ದೆ ಕೈ ಮುಟ್ಟಿಸಬೇಡ."

ಪಾಠಕಬಾಯಿ ಮಾತಾಡುವುದು ಮರಾಠಿ. ನನ್ನ ಕನ್ನಡದಲ್ಲಿ ಖಾರ ಸ್ವಲ್ಪ ಕಮ್ಮಿಯಾಗಿದ್ದರೆ ತಪ್ಪು ನನ್ನದು. ಅತ್ತೆ ಬಶಿಯನ್ನು ಕೆಳಗಿಟ್ಟರು. ಪರದೆ ಸರಿಸಿ ಹೊರಬಂದರೆ, ಗಾದಿಯ ಪಕ್ಕ ನಿಂತು ಪಾಠಕಬಾಯಿ ಇಬ್ಬರು ಹೆಂಗಸರಿಗೆ ನಮ್ಮ ಸೀರೆ ಕೊಳ್ಳಬೇಡಿ ಎಂದು ಬುದ್ಧಿ ಹೇಳುತ್ತಿದ್ದಾರೆ. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿದೆ. ಆ ಹೆಂಗಸರು ಹಬ್ಬಕ್ಕೆ ಎರಡು ಖಣ ಕೊಂಡರು. ಅವರು ಮೆಟ್ಟಿಲಿಳಿದ ಮೇಲೆ ಪಾಠಕಬಾಯಿ ನಮ್ಮ ಕಡೆ ತಿರುಗಿದರು.

"ಕಾಕು, ಇದೇನು ನಡೆಸಿದ್ದೀರಿ ನೀವು? ದಿನಾ ಹನ್ನೊಂದಕ್ಕೆ ಅಂಗಡಿ ತೆರೆದಿಟ್ಟು ಮಾಯವಾಗ್ತೀರಿ. ಕಾಲ ಹೇಗಿದೆ ಅಂತ ಗೊತ್ತಿಲ್ವಾ? ಯಾರಾದರೂ ಬಂದು ಎತ್ತಿಕೊಂಡು ಹೋದರೆ? ಮೂರು ವಾರದಿಂದ ಆ ಬದಿಯ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ನಿಂತು ಕಾಯ್ತಾ ಇದ್ದೀನಿ. ನೀವು ಹೊರಗೆ ಬಂದು ಕೂತ ಮೇಲೆ ನಾನು ಮನೆಗೆ ಹೋಗೋದು. ನನ್ನ ಮಂಡಿಯ ಗತಿ ಏನಾಗಬೇಕು? ಇವತ್ತು ಮಳೆ ಅಂತ ಈ ಕಡೆ ಬಂದೆ. ಆ ಇಬ್ಬರು ಒಳಗೆ ನುಗ್ಗಿದರು, ನಾನೂ ನುಗ್ಗಿದೆ."

ಅತ್ತೆ ಬಟ್ಟೆ ತೆಗೆದುಕೊಂಡು ಬೆಂಚು ಒರೆಸತೊಡಗಿದರು. ಅವರ ಕಣ್ಣು ತುಂಬಿತ್ತು. ಯಾರ ಸಂಕೋಚ ಕಾಯಲು ನಾವು ಒಳಗೆ ಅಡಗಿದ್ದೆವೋ, ಅವರು ಹೊರಗೆ ನಿಂತು ನಮ್ಮ ಅಂಗಡಿ ಕಾದಿದ್ದರು.

ಉತ್ತರ ನಾನೇ ಕೊಡಬೇಕಾಯಿತು. "ನಿಮಗೋಸ್ಕರವೇ ಬಾಯಿ. ನಮ್ಮ ಮುಖ ತಪ್ಪಿಸೋಕೆ ನೀವು ಆ ಕೆಸರಲ್ಲಿ ಹೋಗ್ತಿದ್ರಲ್ಲ, ನಾವೇ ಇಲ್ಲದಿದ್ರೆ ಈ ಕಡೆ ಬರ್ತೀರೇನೋ ಅಂತ. ನಾನು ಬೀಗರ ಮಾತು ಆಡಬಾರದಿತ್ತು. ತಪ್ಪಾಯ್ತು."

ಅವರು ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದರು, ಲೆಕ್ಕ ತಪ್ಪಿದರೂ ದಾರಿ ಸರಿಹಿಡಿದ ಹುಡುಗಿಯನ್ನು ನೋಡುವಂತೆ. ಆಮೇಲೆ ಬೆಂಚಿನ ಮೇಲೆ ಕೂತರು. "ನೀನು ಹಾಗೆ ಕೇಳಿದ ಮೇಲೆ ನನಗೆ ಬೇಡ ಅನ್ನೋಕೆ ಆಗಲಿಲ್ಲ ಮಗಳೇ" ಎಂದರು. "ರೇಷ್ಮೆ ಹೆಗಲ ಮೇಲೆ ನಿಲ್ಲೋದಿಲ್ಲ ನನಗೆ. ಮಡಿಕೆ ಕೂಡ ಬಿಚ್ಚಿಲ್ಲ. ಕಪಾಟು ತೆಗೆದಾಗಲೆಲ್ಲ ಅದು ನನ್ನನ್ನು ನೋಡುತ್ತೆ. ಕಾಕು ಕೊಟ್ಟದ್ದನ್ನು ಉಡದೇ ಇಟ್ಟದ್ದು ಇದೇ ಮೊದಲು."

"ಇರಲಿ ಬಿಡ್ರಿ" ಅತ್ತೆ ಮರಾಠಿಯಲ್ಲಿ ಹೇಳಿದರು. "ಯಾವಾಗ ಬೇಕಾದರೂ ತನ್ನಿ. ತರದಿದ್ದರೂ ನಡೆಯುತ್ತೆ." ಡಬ್ಬಿ ತೆಗೆದು ಪ್ರಸಾದ ಕೊಟ್ಟರು. ಪಾಠಕಬಾಯಿ ಮೆತ್ತಗಾದ ಚುರಮುರಿಯನ್ನು ಕಣ್ಣಿಗೊತ್ತಿಕೊಂಡು ತಿಂದು, ಬದನೆಕಾಯಿ ದರ ಕೇಳಿದ್ದೀರಾ ಕಾಕು ಎಂದು ಶುರುಮಾಡಿದರು. ಹತ್ತು ನಿಮಿಷ ಅಂದದ್ದು ಮುಕ್ಕಾಲು ಗಂಟೆಯಾಯಿತು. ಮಳೆ ನಿಂತು ಬಿಸಿಲು ಬಂದಿತ್ತು. ಅವರು ಎದ್ದು, ಚೀಲ ಎತ್ತಿಕೊಂಡು, ನಮ್ಮ ಬದಿಯ ಫುಟ್‌ಪಾತಿನ ಮೇಲೆ ನಿಧಾನವಾಗಿ ಹೊರಟರು.

ಆಗ ನೋಡಿದೆ, ಕೊಡೆ ಬೆಂಚಿನ ಕಾಲಿಗೆ ಒರಗಿಕೊಂಡೇ ಇತ್ತು. ನಾನು ತಟಕ್ಕನೆ ಎತ್ತಿಕೊಂಡು ಮೆಟ್ಟಿಲಿಗೆ ಹಾರಿದೆ.

"ಶೈಲಾ" ಎಂದರು ಅತ್ತೆ. "ಇರ್ಲಿ. ಬೇಕಾದಾಗ ಬರತಾಳ."

ನಿಂತೆ. ನನ್ನ ಇಡೀ ಮಾರಾಟದ ಬದುಕಿನಲ್ಲಿ ಹೋಗುತ್ತಿರುವವರ ಹಿಂದೆ ಓಡದೆ ನಿಂತದ್ದು ಅದೇ ಮೊದಲು. ಕೊಡೆಯನ್ನು ವಾಪಸು ಬೆಂಚಿನ ಕಾಲಿಗೆ ಒರಗಿಸಿಟ್ಟೆ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ, ನಾನು ಅತ್ತೆಯ ಮುಖ ನೋಡಿ ನೋಡಿ ಸೋತೆ. ಮೂರನೇ ದಿನ ಹನ್ನೊಂದಕ್ಕೆ ಸರಿಯಾಗಿ ಬಂದು, ಕಾಗದದಲ್ಲಿ ಸುತ್ತಿದ ನವಿಲು ಬಣ್ಣದ ಸೀರೆಯನ್ನು ಗಾದಿಯ ಮೇಲಿಟ್ಟು, ತಮ್ಮ ಇಬ್ಬರು ಗೌರಿಯರಿಗೆ ಎರಡು ಖಣ ಕೇಳಿದರು. ಒಂದು ಹಸಿರು, ಒಂದು ಅರಿಶಿನ ಬಣ್ಣದ್ದು ಕೊಟ್ಟೆ, ಬಾಯಿಬಿಡದೆ. ಅವರೇ ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿವೆ ಎಂದರು. ಅತ್ತೆ ಸೀರೆಯ ಹಣ ಎಣಿಸಿ ಕೊಟ್ಟರು. ಚಹಾ ಕುಡಿದರು, ಮಗಳ ಊರಿನ ಸುದ್ದಿ ಹೇಳಿದರು. ಹೊರಡುವಾಗ ಕೊಡೆ ಕೈಗೆತ್ತಿಕೊಂಡು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮತ್ತೆ ಬೆಂಚಿನ ಕಾಲಿಗೆ ಒರಗಿಸಿಟ್ಟು ಹೋದರು.